ಅತ್ತೆಗೆ ಓದಿ ಹೇಳಿದ ಕೊರಿಯನ್ ಸೀರಿಯಲ್‌ಗಳು

ನನ್ನ ಅತ್ತೆ ಮೈಸೂರಿನಿಂದ ಅಮೆರಿಕದ ಮಾರಿಸ್‌ವಿಲ್‌ಗೆ ಬಂದದ್ದು ೨೦೨೦ರ ಫೆಬ್ರವರಿಯಲ್ಲಿ, ಮೂರು ತಿಂಗಳು ಇದ್ದು ಹೋಗೋಣ ಅಂತ. ಮಾರ್ಚ್ ಮುಗಿಯುವಷ್ಟರಲ್ಲಿ ವಿಮಾನಗಳು ನಿಂತವು. ಮೂರು ತಿಂಗಳು ಎಂಟಾಯಿತು. ಆ ಎಂಟು ತಿಂಗಳಲ್ಲಿ ವಾರದ ಐದು ದಿನ ಮನೆಯಲ್ಲಿ ನಾವಿಬ್ಬರೇ.

ನನ್ನ ಗಂಡನಿಗೆ ಷಾರ್ಲಟ್‌ನ ಬ್ಯಾಲಂಟೈನ್‌ನಲ್ಲಿ ಕೆಲಸ. ಮನೆಯಿಂದ ಎರಡೂವರೆ ಗಂಟೆಯ ಡ್ರೈವ್. ಅಲ್ಲೇ ಒಂದು ಸಣ್ಣ ಅಪಾರ್ಟ್‌ಮೆಂಟ್ ಹಿಡಿದಿದ್ದ, ಸೋಮವಾರ ಹೋದರೆ ಶುಕ್ರವಾರ ಬರುತ್ತಿದ್ದ. ಆಫೀಸು ಮುಚ್ಚಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೂ ಅವನು ಹೋಗುವುದನ್ನು ಬಿಡಲಿಲ್ಲ. "ಇಲ್ಲಿ ನಿಮ್ಮಿಬ್ಬರ ಮಾತು, ಕುಕ್ಕರ್ ಸದ್ದು. ಕಾಲ್ಸ್ ಅಟೆಂಡ್ ಮಾಡಕ್ಕಾಗಲ್ಲ" ಅನ್ನುತ್ತಿದ್ದ. ಅತ್ತೆ ಸೋಮವಾರ ಬೆಳಿಗ್ಗೆ ಅವನ ಕಾರು ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯ ಹತ್ತಿರ ನಿಂತಿರುತ್ತಿದ್ದರು, ಅಷ್ಟೆ.

ಅತ್ತೆ ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ಊರಲ್ಲಿ ಶೂಟಿಂಗ್ ನಿಂತು, ಅವರು ನೋಡುತ್ತಿದ್ದ ಸೀರಿಯಲ್‌ಗಳೆಲ್ಲ ಹಳೇ ಎಪಿಸೋಡುಗಳನ್ನೇ ಹಾಕತೊಡಗಿದಾಗ ಅವರಿಗೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಯಿತು. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ನಾನು ಒಂದು ದಿನ ಊಟದ ಬ್ರೇಕಿನಲ್ಲಿ ಸುಮ್ಮನೆ ಒಂದು ಕೊರಿಯನ್ ಸೀರಿಯಲ್ ಹಾಕಿದೆ. ಹತ್ತು ನಿಮಿಷಕ್ಕೆ ಅವರು ತಟ್ಟೆ ಹಿಡಿದುಕೊಂಡು ಸೋಫಾದ ತುದಿಗೆ ಬಂದಿದ್ದರು.

"ನೋಡು, ಇವರೂ ಚಪ್ಪಲಿ ಹೊರಗೇ ಬಿಡ್ತಾರೆ. ದೊಡ್ಡವರಿಗೆ ಬಗ್ಗಿ ನಮಸ್ಕಾರ ಮಾಡ್ತಾರೆ."

ಅದರಲ್ಲಿ ಒಬ್ಬ ಅತ್ತೆ ಸೊಸೆಯ ಮುಖಕ್ಕೆ ನೀರು ಎರಚಿದಳು. ನಮ್ಮತ್ತೆ ನಗುತ್ತಾ, "ನಮ್ಮನ್ನ ಯಾವ ದೇಶದವರೂ ಒಳ್ಳೇವ್ರು ಅಂತ ತೋರಿಸಲ್ಲ ಅಲ್ವೇನೇ" ಅಂದರು.

ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆದರೆ ನಿಧಾನ. ಅರ್ಧ ಸಾಲು ಓದುವುದರೊಳಗೆ ಸಬ್‌ಟೈಟಲ್ ಹೋಗಿಬಿಡುತ್ತಿತ್ತು. ಹಾಗಾಗಿ ನಾನೇ ಪಕ್ಕದಲ್ಲಿ ಕೂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ದಿನಾ ಹನ್ನೆರಡೂವರೆಯಿಂದ ಒಂದೂವರೆ, ಒಂದು ಎಪಿಸೋಡು. ಆಫೀಸಿನ ಕ್ಯಾಲೆಂಡರಿನಲ್ಲಿ ಆ ಒಂದು ಗಂಟೆಯನ್ನು "ಬ್ಯುಸಿ" ಅಂತ ಬ್ಲಾಕ್ ಮಾಡಿಟ್ಟೆ. ಮೊದಮೊದಲು ತಡವರಿಸುತ್ತಿದ್ದೆ. ಆಮೇಲೆ ಗಂಡಸಿಗೊಂದು ದನಿ, ಹೆಂಗಸಿಗೊಂದು ದನಿ, ಮುದುಕರಿಗೆ ಮೈಸೂರು ಕಡೆಯ ರಾಗ. ಅತ್ತೆ ಒಮ್ಮೊಮ್ಮೆ ತಿದ್ದುತ್ತಿದ್ದರು: "ಅಷ್ಟು ಕೋಪದಲ್ಲಿ ಯಾರಾದರೂ 'ದಯವಿಟ್ಟು' ಅಂತಾರಾ?"

ನಾವು ನೋಡಿದ್ದು ಹೆಚ್ಚಾಗಿ ಮುರಿದ ಮದುವೆಗಳ ಕಥೆಗಳೇ. ಬೇಕಂತ ಆರಿಸಿಕೊಂಡದ್ದಲ್ಲ. ಒಂದು ಮುಗಿದ ಕೂಡಲೇ ಅಂಥದ್ದೇ ಇನ್ನೊಂದು ತಾನಾಗಿ ಬರುತ್ತಿತ್ತು. ಜೂನ್‌ನಲ್ಲಿ ಒಂದು ಜಪಾನಿ ಸೀರಿಯಲ್ ನೋಡಿದೆವು. ರೈಲ್ವೆ ಸ್ಟೇಷನ್ನಿನಲ್ಲಿ ಜನ ಮರೆತುಹೋದ ಸಾಮಾನು ಕಾಯುವ ಒಬ್ಬ ಹೆಂಗಸು, ಅಲ್ಲಿಗೆ ಕೊಡೆ ಹುಡುಕಿಕೊಂಡು ಬರುವ ಒಬ್ಬ ಗಂಡಸು. ಇಬ್ಬರಿಗೂ ಮದುವೆಯಾಗಿದೆ. ಹತ್ತು ಎಪಿಸೋಡಿನಲ್ಲಿ ಅವರು ಒಬ್ಬರನ್ನೊಬ್ಬರು ಮುಟ್ಟುವುದು ಒಂದೇ ಸಲ, ಅದೂ ಕೊಡೆ ಕೊಡುವಾಗ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೋಗಲಿ ಬಿಡು, ಪಾಪ. ಇಬ್ಬರೂ ಎಲ್ಲಾದರೂ ಹೋಗಿ ಸುಖವಾಗಿರಲಿ. ಎಷ್ಟು ದಿನ ಅಂತ ಹೀಗಿರ್ತಾರೆ" ಅಂದರು. ನನಗೂ ಅಳು ಬಂತು. ಆ ಗಂಡಸಿನ ಹೆಂಡತಿ ಇಡೀ ಸೀರಿಯಲ್‌ನಲ್ಲಿ ಎರಡು ಸಲ ಬಂದಳು. ಎರಡು ಸಲವೂ ನಮಗೆ ಬೆನ್ನು ಮಾಡಿ ಕೋಸು ಹೆಚ್ಚುತ್ತಿದ್ದಳು. ಅವಳ ಮುಖ ನೋಡಬೇಕು ಅಂತ ನಮ್ಮಿಬ್ಬರಿಗೂ ಅನ್ನಿಸಲಿಲ್ಲ.

ಆಗಸ್ಟಿನ ಒಂದು ಶನಿವಾರ ನನ್ನ ಕಾರಿನ ಬ್ಯಾಟರಿ ಸತ್ತಿತ್ತು. ಗಂಡನ ಕಾರು ತೆಗೆದುಕೊಂಡು ತರಕಾರಿ ತರಲು ಹೋದೆ. ಅಂಗಡಿಯ ಮುಂದೆ ನಿಲ್ಲಿಸಿ ಅತ್ತೆಗೆ ಫೋನ್ ಮಾಡೋಣ ಅಂತ ಕಾರಿನ ಸ್ಕ್ರೀನ್ ಮುಟ್ಟಿದರೆ ಅದರಲ್ಲಿ ಉಳಿದಿದ್ದ ಅವನ ಹಿಂದಿನ ಹತ್ತು ಕರೆಗಳು ಸಾಲಾಗಿ ಬಂದವು. ಒಂಬತ್ತರಲ್ಲಿ ಒಂದೇ ಹೆಸರು. ಹತ್ತನೆಯದು ನನ್ನದು. ಆ ಹೆಸರು ನನಗೆ ಗೊತ್ತಿತ್ತು. ಅವನ ಟೀಮಿನವಳು. ಒಂದು ದೀಪಾವಳಿಗೆ ತನ್ನ ಗಂಡನ ಜೊತೆ ನಮ್ಮ ಮನೆಗೂ ಬಂದಿದ್ದಳು, ನಾನು ಮಾಡಿದ ಒಬ್ಬಟ್ಟಿನ ರೆಸಿಪಿ ಕೇಳಿ ಬರೆದುಕೊಂಡಿದ್ದಳು. ಪಕ್ಕದ ಸೀಟಿನ ಕಡೆ ನೋಡಿದೆ. ನಾನು ಕೂರುವಷ್ಟು ಹಿಂದಕ್ಕಿರಲಿಲ್ಲ, ಯಾರೋ ಮುಂದೆ ಸರಿಸಿಕೊಂಡಿದ್ದರು. ನಾನು ಒಳಗೆ ಹೋಗಿ ಬೆಂಡೆಕಾಯಿ ಆರಿಸಿದೆ. ಒಂದೊಂದರ ತುದಿಯನ್ನೂ ಮುರಿದು ನೋಡಿ ಆರಿಸಿದೆ.

ಮೂರು ವಾರ ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು. ಮಧ್ಯಾಹ್ನದ ಸೀರಿಯಲ್ ಮಾತ್ರ ತಪ್ಪಲಿಲ್ಲ. ಆಗ ನೋಡುತ್ತಿದ್ದುದು ಬಂದರಿನ ಊರೊಂದರಲ್ಲಿ ಇನ್ನೊಂದು ಸಂಸಾರ ಇಟ್ಟುಕೊಂಡ ಗಂಡನ ಕಥೆ. ಅವನ ಹೆಂಡತಿ ಬೇಕರಿ ನಡೆಸುತ್ತಾಳೆ. ಒಂದು ದಿನ ಅವಳು ಅವನೆದುರು ನಿಂತು ಕೇಳಿದಳು. ಸಬ್‌ಟೈಟಲ್‌ನಲ್ಲಿದ್ದದ್ದು ಇಷ್ಟೇ: ಯಾರು ಅವಳು?

ನಾನು ಹೇಳಿದ್ದು: "ಶುಕ್ರವಾರ ಬರ್ತೀಯ. ಬಟ್ಟೆ ಮೆಷಿನ್‌ಗೆ ಹಾಕ್ತೀಯ. ಊಟ ಮಾಡ್ತಾ ಫೋನ್ ಬೋರಲು ಇಡ್ತೀಯ. ನಾನು ಏನಾದ್ರೂ ಹೇಳಿದ್ರೆ ಹೂಂ ಅಂತೀಯ. ನಾನೇನು ತಪ್ಪು ಮಾಡಿದೆ ಅಂತಾದ್ರೂ ಹೇಳಿ ಹೋಗು."

ಅತ್ತೆ ರಿಮೋಟ್ ತೆಗೆದುಕೊಂಡು ನಿಲ್ಲಿಸಿದರು. ಬೇಕರಿಯವಳು ಬಾಯಿ ತೆರೆದಂತೆಯೇ ನಿಂತಳು.

"ಅವಳು ಇಷ್ಟೆಲ್ಲ ಮಾತಾಡಲಿಲ್ಲ" ಅಂದರು ಅತ್ತೆ.

ನಾನು ನಿಂತ ಚಿತ್ರವನ್ನೇ ನೋಡುತ್ತಾ ಕೂತೆ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಮೂರು ವಾರ. ನಿಮಗೆ?"

ಅವರು ಕೈಯಲ್ಲಿದ್ದ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. "ಹೆತ್ತವಳು ನಾನು. ಅವನು ಸುಳ್ಳು ಹೇಳೋವಾಗ ಕಿವಿ ಮುಟ್ಕೋತಾನೆ. ಯುಗಾದಿಯಿಂದ ಮುಟ್ಕೋತಿದಾನೆ. ನನ್ನ ಅನುಮಾನ ಸುಳ್ಳಾಗಲಿ ಅಂತ ಕಾಯ್ತಿದ್ದೆ ಕಣೇ." ಅಷ್ಟು ಹೇಳಿ ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಮದುವೆಯಾದ ಏಳು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು.

ಆ ಶನಿವಾರ ಊಟಕ್ಕೆ ಕೂತಾಗ ಅತ್ತೆಯೇ ಅವನನ್ನು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. ಅನ್ನ ಕಲಸುವುದನ್ನು ನಿಲ್ಲಿಸಿ, "ಬೇಕಂತ ಮಾಡಿದ್ದಲ್ಲಮ್ಮ. ಎರಡು ವರ್ಷ ತಡೆದುಕೊಂಡೆ. ಅವಳೂ ತಡೆದುಕೊಂಡಳು" ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವನು ನಾಟಕವಾಡುತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಜೂನ್‌ನಲ್ಲಿ ನಾವು ಯಾರಿಗಾಗಿ ಅತ್ತಿದ್ದೆವು ಅನ್ನುವುದು ನನಗೂ ಅತ್ತೆಗೂ ಆ ಕ್ಷಣದಲ್ಲೇ ನೆನಪಾಯಿತು ಅಂತ ಕಾಣುತ್ತದೆ. ಅತ್ತೆ ನನ್ನ ಕಡೆ ನೋಡಲಿಲ್ಲ.

ಅಕ್ಟೋಬರ್‌ನಲ್ಲಿ ಅತ್ತೆಗೆ ವಾಷಿಂಗ್ಟನ್ನಿನಿಂದ ಹೊರಡುವ ವಿಮಾನದಲ್ಲಿ ಸೀಟು ಸಿಕ್ಕಿತು. ಅವನು ಡ್ರೈವ್ ಮಾಡ್ತೀನಿ ಅಂದ. "ಅವಳು ಬಿಟ್ಟು ಬರಲಿ" ಅಂತ ನನ್ನ ಕಡೆ ಕೈ ತೋರಿಸಿದರು ಅತ್ತೆ. ವರ್ಜೀನಿಯಾದ ಒಂದು ರೆಸ್ಟ್ ಏರಿಯಾದಲ್ಲಿ ಮರದ ಬೆಂಚಿನ ಮೇಲೆ ಕೂತು, ಮಾಸ್ಕ್ ಗದ್ದಕ್ಕೆ ಇಳಿಸಿ, ಮೊಸರನ್ನ ತಿಂದೆವು. ತಿಂದಾದ ಮೇಲೆ ಅವರು ಡಬ್ಬಿ ಮುಚ್ಚುತ್ತಾ ಹೇಳಿದರು:

"ಒಂದು ಮಾತು ಈಗಲೇ ಹೇಳಿಬಿಡ್ತೀನಿ. ನಾನು ಅವನ ತಾಯಿ. ನಾಳೆ ಅವನು ಅವಳನ್ನ ಮದುವೆಯಾಗಿ ಮನೆ ಬಾಗಿಲಿಗೆ ಕರ್ಕೊಂಡು ಬಂದ್ರೆ, ನಾನು ಬಾಗಿಲು ಹಾಕಕ್ಕಾಗಲ್ಲ. ಕೋಪ ಇರುತ್ತೆ. ಆದ್ರೂ ಹಾಕಕ್ಕಾಗಲ್ಲ."

"ಗೊತ್ತು ಅತ್ತೆ."

"ನೀನು ಗೊತ್ತು ಅಂದುಬಿಟ್ರೆ ನಾನೇನು ಮಾಡಲಿ" ಅಂದರು.

ನಾವಿದ್ದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಡಿವೋರ್ಸ್ ಬೇಕಾದರೆ ಒಂದು ವರ್ಷ ಬೇರೆ ಬೇರೆ ಮನೆಯಲ್ಲಿರಬೇಕು. ಆ ಒಂದು ವರ್ಷ ನಾನು ಬದುಕಿದ್ದು ಅತ್ತೆಯ ಫೋನಿನ ಮೇಲೆ. ನನಗೆ ಬೆಳಿಗ್ಗೆ ಎಂಟು ಗಂಟೆ, ಅವರಿಗೆ ಸಂಜೆ. ಅಲ್ಲೂ ಇಲ್ಲೂ ಅದೇ ಸೀರಿಯಲ್ ಹಾಕಿಕೊಂಡು, "ಒಂದು, ಎರಡು, ಮೂರು" ಅಂತ ಎಣಿಸಿ ಒಟ್ಟಿಗೆ ಪ್ಲೇ ಒತ್ತುತ್ತಿದ್ದೆವು. ಫೋನಿನಲ್ಲಿ ನಾನು ಕನ್ನಡ ಹೇಳುತ್ತಿದ್ದೆ. ಎರಡು ಸೆಕೆಂಡು ಹಿಂದುಮುಂದಾದರೆ ಅವರ ಟಿವಿಯಲ್ಲಿ ನಗು, ನನ್ನದರಲ್ಲಿ ಅಳು. ಅವನ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ನಮ್ಮ ಡಿವೋರ್ಸ್ ಆಯಿತು, ಅವನ ಟೀಮಿನವಳದೂ ಆಯಿತು. ೨೦೨೨ರಲ್ಲಿ ಅವರಿಬ್ಬರೂ ಮೈಸೂರಿಗೆ ಹೋಗಿ ಮದುವೆಯಾದರು. ಮದುವೆಯ ಮರುವಾರ ಅತ್ತೆಯ ಫೋನ್ ಬಂತು. ಟಿವಿ ಹಾಕಿದಿರಾ ಅಂತ ಕೇಳಿದೆ.

"ಇಲ್ಲ" ಅಂದರು. "ಇನ್ನು ಬೇಡಮ್ಮ. ಮೊನ್ನೆ ಆ ಹುಡುಗಿ ನನ್ನ ಫೋನಿನಲ್ಲಿ ನಿನ್ನ ಹೆಸರು ನೋಡಿದಳು. ಏನೂ ಅನ್ನಲಿಲ್ಲ. ಆದರೆ ಮುಖ ಸಣ್ಣ ಮಾಡ್ಕೊಂಡಳು. ಅವಳದೂ ಒಂದು ಸಂಸಾರ ಅಲ್ವಾ. ನೀನು ಬೇಜಾರು ಮಾಡ್ಕೋಬೇಡ."

"ಇಲ್ಲ ಅತ್ತೆ" ಅಂದೆ. ಹನ್ನೊಂದನೇ ಎಪಿಸೋಡಿಗೆ ನಿಂತಿದ್ದ ಆ ಸೀರಿಯಲ್ ಅನ್ನು ನಾನು ಮುಂದೆ ನೋಡಲಿಲ್ಲ.

ಗಂಡ ಹೋದದ್ದನ್ನು ಹೇಳಿಕೊಳ್ಳಲು ಮಾತಿತ್ತು. ಲಾಯರಿದ್ದರು, ಕಾಗದವಿತ್ತು, ಗೆಳತಿಯರು ಊಟ ತಂದುಕೊಟ್ಟರು. ಅತ್ತೆ ಹೋದದ್ದನ್ನು ಯಾರಿಗೆ ಏನಂತ ಹೇಳುವುದು? ಒಬ್ಬ ಗೆಳತಿಗೆ ಹೇಳಿದಾಗ, "ಅಯ್ಯೋ, ಅತ್ತೆ ಕಾಟವೂ ತಪ್ಪಿತಲ್ಲ ಬಿಡು" ಅಂತ ನಕ್ಕಳು. ಸಮಾಧಾನಕ್ಕೇ ಹೇಳಿದ್ದು. ಮನೆಗೆ ಬಂದು ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಹೋದ ವರ್ಷ ಶ್ರಾವಣದ ಶನಿವಾರ ಮಾರಿಸ್‌ವಿಲ್ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದೆ. ನನ್ನಿಂದ ನಾಲ್ಕು ಜನ ಮುಂದೆ ಅತ್ತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಂಕುಳಲ್ಲಿ ಒಂದು ವರ್ಷದ ಹೆಣ್ಣು ಮಗು. ಪಕ್ಕದಲ್ಲಿ ನನಗೆ ಗೊತ್ತಿಲ್ಲದ ಒಬ್ಬ ಆಂಟಿ. ಬೀಗಿತ್ತಿ ಇರಬೇಕು. ಅತ್ತೆ ಅಮೆರಿಕಕ್ಕೆ ಬಂದಿದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹಿಂದೆ ಸರಿಯುವಷ್ಟರಲ್ಲಿ ಅವರು ತಿರುಗಿದರು.

"ಚೆನ್ನಾಗಿದೀಯಾ?" ಅಂದರು.

"ಚೆನ್ನಾಗಿದೀನಿ. ನೀವು?"

"ಯಾರಿವರು?" ಅಂತ ಆ ಆಂಟಿ ಕೇಳಿದರು.

ಅತ್ತೆ ನನ್ನ ಮುಖವನ್ನೇ ನೋಡುತ್ತಾ, "ಪರಿಚಯದವರು. ಹಿಂದೆ ಬಂದಾಗ ಇಲ್ಲೇ ಇದ್ದೆನಲ್ಲ, ಆಗಿನವರು" ಅಂದರು. ಸಾಲು ಮುಂದೆ ಹೋಯಿತು. ಮಗು ನನ್ನ ಬಳೆಗೆ ಕೈ ಚಾಚಿತು. ಅವರು ಮೆಲ್ಲಗೆ ಅದರ ಕೈ ಹಿಡಿದು ಆಡಿಸಿದರು. "ಆಂಟಿಗೆ ಟಾಟಾ ಮಾಡು ಪುಟ್ಟಿ."

ಮಗು ಟಾಟಾ ಮಾಡಿತು. ನಾನೂ ಮಾಡಿದೆ. ಪ್ರಸಾದ ತೆಗೆದುಕೊಳ್ಳದೆ ಕಾರಿಗೆ ಬಂದು ಕೂತೆ. ಸ್ಟೀರಿಂಗ್ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹಿಂದೆ ಯಾರೋ ಪಾರ್ಕಿಂಗ್‌ಗಾಗಿ ಇಂಡಿಕೇಟರ್ ಹಾಕಿಕೊಂಡು ಕಾಯುತ್ತಿದ್ದರು. ಪಾಪ, ಹಾರ್ನ್ ಮಾಡಲಿಲ್ಲ. ಅವರಿಗೆ ಜಾಗ ಬಿಟ್ಟುಕೊಟ್ಟು ಹೊರಟೆ.