ಗೆರೆಯ ಅಂಚಿನ ಸ್ಟುಡಿಯೋ ಮಾವ

ಮೊನ್ನೆ ಹೊಳಲ್ಕೆರೆ ಬಸ್ ನಿಲ್ದಾಣದ ಪಕ್ಕದ ಮೆಡಿಕಲ್ ಶಾಪಿನಲ್ಲಿ ಯಾರೋ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡರು. ಆ ಘಾಟು ಮೂಗಿಗೆ ಬಿದ್ದದ್ದೇ ತಡ, ಹಿರಿಯೂರಿನ ಕಾಲೇಜು ಮೈದಾನ ನೆನಪಾಯಿತು. ಅದರ ಅಂಚಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಸ್ಟುಡಿಯೋ ಮಾವನೂ ನೆನಪಾದರು...

ಶ್ರೀರಾಂಪುರದಲ್ಲಿ ಅವರದು ನಮ್ಮ ಪಕ್ಕದ ಮನೆ. ಮದುವೆ, ಸೀಮಂತ, ನಾಮಕರಣ ಎಲ್ಲದಕ್ಕೂ ಅವರದೇ ಫೋಟೋ. ತಾಳಿ ಕಟ್ಟುವ ಗಳಿಗೆಯಲ್ಲೂ ಮದುಮಗನ ಕೈ ತಡೆದು, ‘ಇತ್ತ ನೋಡ್ರಿ’ ಎಂದು ಕೂಗಿ, ಮುಖ ತಿರುಗಿದ ಮೇಲೆಯೇ ಕ್ಲಿಕ್ ಮಾಡುವವರು. ಮುಖ ಕಾಣದ ಫೋಟೋ ಅವರ ಪ್ರಕಾರ ಫೋಟೋನೇ ಅಲ್ಲ. ಪುರೋಹಿತರು ಹಲ್ಲು ಕಡಿಯುತ್ತಿದ್ದರು.

ಅವರ ಮಗಳೂ ನಾನೂ ಕಾಲೇಜಿನ ರಗ್ಬಿ ತಂಡದಲ್ಲಿದ್ದೆವು. ಊರಿಗೆ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಚೆಂಡು ಅಪ್ಪಿಕೊಂಡು ಓಡುತ್ತಾರಂತೆ, ಹಿಂದಿದ್ದವರಿಗೇ ಎಸೆಯುತ್ತಾರಂತೆ, ಒಬ್ಬರನ್ನೊಬ್ಬರು ಕೆಡವುತ್ತಾರಂತೆ ಎಂದು ನಗುತ್ತಿದ್ದರು. ಮಾವ ಮಾತ್ರ ನಾವು ಆಡಲು ಹೋದ ಕಡೆಗೆಲ್ಲ ಸ್ಟುಡಿಯೋ ಬಾಗಿಲು ಹಾಕಿ ನಮ್ಮ ಟೆಂಪೋ ಹತ್ತುತ್ತಿದ್ದರು. ನಾನು ಲೆಕ್ಕಕ್ಕೊಬ್ಬಳು ಅಷ್ಟೇ. ಅವಳು ಹಾಗಲ್ಲ. ಹಿರಿಯೂರಿನಲ್ಲಿ ಚೆನ್ನಾಗಿ ಆಡಿದರೆ ರಾಜ್ಯ ತಂಡಕ್ಕೆ ಆಯ್ಕೆ ಖಚಿತವೆಂದು ಕೋಚ್ ಹೇಳಿದ್ದರು.

ಪಂದ್ಯ ಮುಗಿಯುತ್ತ ಬಂದಿತ್ತು. ಅವಳು ಚೆಂಡು ಹಿಡಿದು ಗೆರೆಯ ಅಂಚಿನಲ್ಲೇ ಓಡುತ್ತಿದ್ದಳು. ಮಾವನ ಅಭ್ಯಾಸ ಎಲ್ಲಿ ಹೋಗುತ್ತದೆ? ಅವಳು ತಮ್ಮನ್ನು ದಾಟಿದ್ದೇ ಹಿಂದಿನಿಂದ ‘ಇತ್ತ ನೋಡವ್ವ!’ ಎಂದು ಗಂಟಲು ಹರಿಯುವಂತೆ ಕೂಗಿದರು. ಅವಳು ಹಿಂದಕ್ಕೆ ಮುಖ ತಿರುಗಿಸಿದಳು. ಅದೇ ಹೊತ್ತಿಗೆ ಎದುರು ತಂಡದ ಹುಡುಗಿ ಇನ್ನೊಂದು ಕಡೆಯಿಂದ ಬಂದು ಅವಳನ್ನು ಕೆಡವಿದಳು. ಮೊಣಕಾಲು ತಿರುಚಿದ ಸದ್ದು ನನಗೂ ಕೇಳಿಸಿತು... ಡಬ್ಬಿ ಖಾಲಿಯಾಗುವವರೆಗೂ ಸ್ಪ್ರೇ ಹೊಡೆದೆವು. ಅವಳು ಮತ್ತೆಂದೂ ಓಡಲಿಲ್ಲ. ಫೋಟೋದಲ್ಲಿ ಮುಖ ಮಾತ್ರ ಸೊಗಸಾಗಿ ಬಂದಿತ್ತು.

ಊರವರಿಗೆ ಅಷ್ಟು ಸಾಕಿತ್ತು. ಮದುವೆ ಮನೆಯಲ್ಲಿ ಮಾವ ಕ್ಯಾಮೆರಾ ಎತ್ತಿದರೆ, ‘ಕೂಗಬ್ಯಾಡ್ರಪ್ಪ, ಮದುಮಗಳು ಕಾಲು ಮುರ್ಕಂಡಾಳು’ ಎಂದು ಪಡ್ಡೆಗಳು ನಗುತ್ತಿದ್ದವು. ಅವರೂ ನಗಲು ನೋಡುತ್ತಿದ್ದರು. ಆಮೇಲೆ ಅವರನ್ನು ಕರೆಯುವುದೇ ನಿಂತಿತು. ಮಗಳು ಮಾತು ಬಿಟ್ಟಳು. ತನ್ನ ಮದುವೆಗೆ ಚಿತ್ರದುರ್ಗದಿಂದ ಬೇರೆ ಫೋಟೋಗ್ರಾಫರನ್ನು ಕರೆಸಿದಳು. ಧಾರೆ ಎರೆದು ಮುಗಿದದ್ದೇ ಮಾವ ಊಟದ ಸಾಲಿಗೆ ಹೋಗಿ ನೀರು ಬಡಿಸುತ್ತ ನಿಂತರು.

‘ಏನ್ ಮಾವ, ಇಲ್ಲಿದೀರಾ?’ ಎಂದೆ.

‘ಎದುರಿಗಿದ್ರೆ ಮಗೀಗೆ ಸಿಟ್ಟು ಬರ್ತೈತೆ ಕಣವ್ವ. ಇಲ್ಲೇ ಇರ್ತೀನಿ.’

ಅವರ ಮೇಲೆ ನನಗೂ ಇದ್ದ ಕೋಪ ಅವತ್ತೇ ಇಳಿಯಿತು.

ಕಳೆದ ವರ್ಷ ಮಾವ ತೀರಿಕೊಂಡರು. ಮಗಳನ್ನು ಕೊಟ್ಟಿದ್ದು ಹೊಳಲ್ಕೆರೆಗೇ. ಮೊನ್ನೆ ಮೆಡಿಕಲ್ ಶಾಪಿನಿಂದ ನೇರ ಅವಳ ಮನೆಗೆ ಹೋದೆ. ಅಕ್ಕಿ ಆರಿಸುತ್ತ ಕೂತಿದ್ದಳು. ಮಾತಿನ ನಡುವೆ, ‘ಮಾವ ಅವತ್ತು ಕೂಗದೇ ಇದ್ದಿದ್ರೆ...’ ಎಂದೆ.

ಅವಳ ಕೈ ನಿಲ್ಲಲಿಲ್ಲ. ‘ಆ ಗಲಾಟೆಯಾಗೆ ಅಪ್ಪನ ದನಿ ನಂಗೆ ಕೇಳ್ಸೇ ಇಲ್ಲ ಕಣೆ. ಚೆಂಡು ಹಿಂದಕ್ಕೆ ಕೊಡಾಕೆ ಯಾರಾದ್ರೂ ಅದಾರಾ ಅಂತ ತಿರುಗಿದ್ದೆ.’

‘ಮಾವಂಗೆ ಹೇಳ್ಲಿಲ್ವೇನೆ?’

‘ಯಾರದಾದ್ರೂ ತಪ್ಪು ಇರ್ಬೇಕಿತ್ತಲ್ಲ ನಂಗೆ,’ ಎಂದಳು. ‘ಟೀ ಇಡ್ಲಾ?’

ಬೇಡವೆಂದು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಆ ಮಾತು ಕೇಳಬೇಕಾಗಿದ್ದವರು ಮಣ್ಣು ಸೇರಿ ವರ್ಷವಾಗಿತ್ತು.