ಘಾಟು ಬಾರದ ಮೆಣಸಿನಕಾಯಿ, ಮಗುವಿನ ಮುಂದಿನ ಸೂಜಿ

ಒಂದು ನಿಮಿಷ ತಾಳಿ. ಬ್ಯಾಡಗಿ ಮಾರುಕಟ್ಟೆಗೂ ದೇಹದ ಕಾವಲು ಕೋಶಗಳಿಗೂ ಏನು ನಂಟು ಎಂಬುದು ಬರುತ್ತದೆ, ಮೊದಲು ನಮ್ಮ ಅಜ್ಜಿಯ ವಿಷಯ ಕೇಳಿ.

ಬಾಣಂತನಕ್ಕೆ ಅಕ್ಕ ಗಂಡನ ಊರು ಕುಪ್ಪೇಲೂರಿನಿಂದ ಬಂದಿದ್ದಳು. ಮಗುವಿಗೆ ಲಸಿಕೆ ಹಾಕಿಸಿದ ಸಂಜೆ ಮೈ ಬಿಸಿಯಾಯಿತು. ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟೂ ಬರಲಿಲ್ಲ, ಯಾರೂ ಕೆಮ್ಮಲೂ ಇಲ್ಲ. ಅಂದರೆ ದೊಡ್ಡ ದೃಷ್ಟಿಯೇ ತಗುಲಿದೆ ಎಂದು ಅವಳ ತೀರ್ಮಾನ.

“ಮಂದಿ ಕಣ್ಣಿಗೆ ಕೂಸಿನ್ನ ಬೀಳಿಸಿದ್ರಿ. ಇನ್ನ ಸೂಜಿ ಬ್ಯಾಡ!”

“ಅಜ್ಜಿ, ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಘಾಟು ಎಲ್ಲಿಂದ ಬರಬೇಕು?” ಎಂದೆ.

“ಬಂದ ನೋಡು, ಮೊಬೈಲ್ ಓದಿ ಡಾಕ್ಟರ್ ಆದಾಂವ!”

ಅಕ್ಕ ನಡುವೆ ಸಿಕ್ಕಿಬಿದ್ದಳು. ಅಜ್ಜಿಯ ಮಾತು ಮೀರಲಾರಳು, ಲಸಿಕೆ ತಪ್ಪಿಸಲೂ ಮನಸ್ಸಿಲ್ಲ. ಅಜ್ಜಿಯ ಕೈ ಮಾತ್ರ ಮಗುವಿನ ಹಣೆಯಿಂದ ಕದಲಲಿಲ್ಲ. ಅದು ಹಟವಲ್ಲ, ಭಯ.

ಮುಂದಿನ ಸೂಜಿಯ ದಿನ ಹತ್ತಿರ ಬಂದಾಗ ಅಜ್ಜಿಯನ್ನೇ ಕೇಳಿದೆ. ಅವಳು ಬ್ಯಾಡಗಿ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು.

“ಕಾಯಿಗೆ ದರ ಹಾಕೋ ಟೆಂಡರ್ ದಿನ ಖರೀದಿದಾರ ಏನ್ ಮಾಡ್ತಾನ ಅಜ್ಜಿ?”

“ಚೀಲದಾಗ ಕೈ ಹಾಕ್ತಾನ. ಸುಕ್ಕು ಮುಟ್ಟಿದ್ರ ಯಾವ ಕಾಯಿ ಅಂತ ಬೆರಳಿಗೇ ತಿಳೀತೈತಿ. ತಗೀತಾನ, ಮುರೀತಾನ, ಅಂಗೈಯಾಗ ಇಟ್ಟು ಜೋಡಿದಾರಗ ತೋರಸ್ತಾನ.”

ಮೈಯೊಳಗೂ ಅಷ್ಟೇ ಎಂದೆ. ಕಾವಲು ಕೋಶದ ಮೈಮೇಲೆ ಬೆರಳಿನಂಥ ರಿಸೆಪ್ಟರ್‌ಗಳಿವೆ. ತಮಗೆ ಹೊಂದುವ ಆಕಾರದ ಅಣು ಸಿಕ್ಕರೆ ಹಿಡಿಯುತ್ತವೆ. ಅಲ್ಲೇ ಕೋಶದ ಪೊರೆ ಒಳಕ್ಕೆ ಮಡಚಿಕೊಂಡು ಪುಟ್ಟ ಚೀಲವಾಗಿ ಅಣುವನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ತುಂಡರಿಸಿದ ಮೇಲೆ ಒಂದು ಚೂರನ್ನು ಮತ್ತೆ ಮೈಮೇಲೆ ತಂದು ಬೇರೆ ಕೋಶಗಳಿಗೆ ತೋರಿಸುತ್ತದೆ. ಲಸಿಕೆ ಎಂದರೆ ರೋಗ ಬರುವ ಮೊದಲೇ ಕೊಟ್ಟ ಸ್ಯಾಂಪಲ್.

“ಮತ್ತ ಮೈ ಯಾಕ ಸುಡತೈತಿ?”

“ಟೆಂಡರ್ ದಿನ ಗದ್ದಲ ಇರೂದಿಲ್ಲೇನು?”

“ಒಂದ ಸರ್ತಿ ತೋರಿಸಿದ್ರ ಸಾಲದೇನು?”

“ಹೊಸಾ ಖರೀದಿದಾರ ಒಂದ ಸಲಕ್ಕ ಗುರ್ತು ಹಿಡೀತಾನೇನು?”

ಸೂಜಿಯ ದಿನ ಬೆಳಿಗ್ಗೆ ಮಗುವಿಗೆ ಕುಲಾವಿ ಕಟ್ಟಿ ಕಳಿಸಿದವಳು ಅಜ್ಜಿಯೇ.

ಸಂಜೆ ಮತ್ತೆ ಮೈ ಬಿಸಿಯಾಯಿತು. ಅಜ್ಜಿ ನಿವಾಳಿಸದೆ ಬಿಡಲಿಲ್ಲ. ಈ ಸಲ ಪಕ್ಕದ ಮನೆಯಿಂದ ಘಾಟಿನ ಗುಂಟೂರು ಕಾಯಿ ತಂದು ಹಿತ್ತಲಲ್ಲಿ ಸುಟ್ಟಳು. ಓಣಿಯೆಲ್ಲ ಕೆಮ್ಮಿತು. ಕಣ್ಣೊರೆಸಿಕೊಳ್ಳುತ್ತಾ ಒಳಬಂದು ತೊಟ್ಟಿಲು ತೂಗಿದಳು.

“ದೃಷ್ಟಿಗಿಷ್ಟಿ ಏನಿಲ್ಲ. ಒಳಗ ಟೆಂಡರ್ ನಡದೈತಿ, ಎಬ್ಬಿಸಬ್ಯಾಡ್ರಿ.”

ಅಕ್ಕ ಅಂದು ನಿಶ್ಚಿಂತೆಯಿಂದ ಉಂಡಳು. ನಿಮ್ಮ ಮನೆಯಲ್ಲಿ ಮಗುವಿಗೆ ಸೂಜಿ ಹಾಕಿಸಿ ಜ್ವರ ಬಂದ ದಿನ ಹಿರಿಯರು ಏನಂದರು, ನೀವು ಹೇಗೆ ಒಪ್ಪಿಸಿದಿರಿ? ನನಗೂ ಬರೆದು ತಿಳಿಸಿ.