ಮೀನಿಗೆಂದು ಕೇಳಿದ ಸೊಪ್ಪು

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಆಂಡರ್ಸನ್‌ಪೇಟೆಯಲ್ಲಿದ್ದೆವು. ಊರು ಬಿಟ್ಟು ಹೊರಟ, ಅಲ್ಲಿನ ಚಿನ್ನದ ಗಣಿಯ ಇಂಗ್ಲಿಷ್ ಅಧಿಕಾರಿಯೊಬ್ಬರು ತಮ್ಮ ಗಾಜಿನ ತೊಟ್ಟಿಯನ್ನು, ಅದರಲ್ಲಿದ್ದ ಎರಡು ಗೌರಾಮಿ ಮೀನುಗಳ ಸಮೇತ, ಅಪ್ಪನಿಗೆ ಕೊಟ್ಟು ಹೋಗಿದ್ದರು. ಅಂಗೈ ಅಗಲದ ಮೀನುಗಳು. ಹುಳುವಿಗಿಂತ ಎಲೆಯೇ ಅವಕ್ಕೆ ಇಷ್ಟ. ಎಳೆ ಸೊಪ್ಪು ಹಾಕಿದರೆ ಹರಿದು ಹರಿದು ತಿನ್ನುತ್ತಿದ್ದವು.

ಆ ವರ್ಷ ಅಪ್ಪ ಗಣಿಯೊಳಗೆ ಕಾಲು ಮುರಿದುಕೊಂಡು ಮನೆಯಲ್ಲಿದ್ದರು. ಅಡುಗೆಮನೆಯಲ್ಲಿ ರಾಗಿಹಿಟ್ಟು ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ಕ್ಯಾಸಂಬಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಸೊಪ್ಪಿನವಳು ನಮ್ಮ ಜಗಲಿಯ ಮೇಲೆ ಕೂತು, ಹುಳು ತಿಂದ ಎಲೆಗಳನ್ನು ಕಿತ್ತು ಕಟ್ಟುಗಳನ್ನು ಸರಿಮಾಡಿಕೊಳ್ಳುತ್ತಿದ್ದಳು. ಕಿತ್ತ ಎಲೆಗಳನ್ನು ಅಮ್ಮ ಮೊರಕ್ಕೆ ಹಾಕಿಸಿಕೊಳ್ಳುತ್ತಿದ್ದಳು. ಮೀನಿಗೆ ಬೇಕು ಎನ್ನುತ್ತಿದ್ದಳು. ನಮ್ಮ ಬಸ್ಸಾರು ಆಗುತ್ತಿದ್ದದ್ದು ಆ ಎಲೆಗಳಿಂದ. ಮೀನುಗಳಿಗೆ ಉಳಿಯುತ್ತಿದ್ದದ್ದು ದಂಟಿನ ನಾರು, ಗಾಜಿಗೆ ಕಟ್ಟಿದ ಪಾಚಿ. ಇದು ಬೀದಿಯಲ್ಲಿ ಯಾರಿಗೂ ತಿಳಿಯಬಾರದೆಂಬುದು ಅಮ್ಮನ ಹಟ. ಸೊಪ್ಪಿನವಳ ದನಿ ಕೇಳಿದರೆ ನಾನು ಒಳಕೋಣೆ ಸೇರಿಬಿಡುತ್ತಿದ್ದೆ.

ಒಂದು ದಿನ ಅವಳು ಎದ್ದು ಬಾಗಿಲಿಗೇ ಬಂದಳು. ನಾನು ಒಳಕೋಣೆಯಿಂದ ಇಣುಕಿದೆ.

“ಅಕ್ಕಾ, ಆ ಮೀನು ಒಸಿ ತೋರ್ಸಿ. ನಮ್ ಕೆರೇಲಿ ಉಳ ತಿನ್ನೋ ಮೀನೇ ನಾನ್ ಕಂಡಿರೋದು. ನಿಮ್ಮವೇನು ಬ್ರಾಂಬ್ರ ಮೀನಾ?”

ಅಮ್ಮ ನಗಲೇಬೇಕಾಯಿತು. “ಬಾಮ್ಮ, ನೋಡುವಂತೆ.”

ಅವಳು ಮೊರದಿಂದ ಒಂದು ಎಲೆ ತೆಗೆದು ನೀರಿಗೆ ಬಿಟ್ಟಳು. ಎರಡೂ ಮೀನು ಒಟ್ಟಿಗೆ ಎಗರಿದವು. ನೀರು ಚಿಮ್ಮಿ ಅವಳ ಮುಖಕ್ಕೆ ಬಿತ್ತು.

“ಅಯ್ಯಯ್ಯಪ್ಪಾ! ಎಂಗ್ ಕಿತ್ಕಂಡ್ ತಿಂತವೆ ನೋಡಕ್ಕಾ! ಒಟ್ಟೆ ತುಂಬ ಆಕ್ತೀರೋ ಇಲ್ವೋ?”

“ದಿನಾ ಹಾಕ್ತೀನಮ್ಮ.”

“ಅಂಗಾದ್ರೆ ಬಲೇ ಒಟ್ಟೆಬಾಕ್ರು ಬಿಡಿ ಇವು!”

ಅವಳಿಗೆ ಖುಷಿಯೋ ಖುಷಿ. ಒಂದೊಂದೇ ಎಲೆ ಬಿಡುತ್ತಾ, ಮೀನುಗಳನ್ನು ಬೈಯುತ್ತಾ, ಮೊರವನ್ನು ಖಾಲಿ ಮಾಡಿದಳು. ಒಲೆಯ ಮೇಲೆ ಎಸರು ಕುದಿಯುವ ಸದ್ದು ಕೇಳುತ್ತಿತ್ತು. “ಸಾಕಮ್ಮ, ಸಾಕು” ಎಂದಳು ಅಮ್ಮ. “ತಿನ್ಲಿ ಬಿಡಕ್ಕಾ, ಬಾಯಿಲ್ದ ಜೀವ” ಎಂದಳು ಅವಳು. ಮಂಚದ ಮೇಲಿದ್ದ ಅಪ್ಪ ಗೋಡೆ ಕಡೆಗೆ ಮಗ್ಗುಲಾದರು.

ಅವಳು ಬುಟ್ಟಿ ಹೊತ್ತು ಹೋದ ಮೇಲೆ ಅಮ್ಮ ಬಾಗಿಲಿಗೆ ಅಗಳಿ ಹಾಕಿದಳು. ಬಳೆಗಳನ್ನು ಮೇಲಕ್ಕೆ ಸರಿಸಿ, ತೊಟ್ಟಿಯಲ್ಲಿ ಕೈ ಮುಳುಗಿಸಿ, ಇನ್ನೂ ತೇಲುತ್ತಿದ್ದ ಎಲೆಗಳನ್ನು ಎತ್ತತೊಡಗಿದಳು. ನಾನು ಮೊರ ಹಿಡಿದು ನಿಂತೆ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಎಲೆಯ ತುದಿಯನ್ನು ಮೀನು ಕಚ್ಚಿ ಹಿಡಿದಿತ್ತು. ಅಮ್ಮ ಎಳೆದುಕೊಂಡಳು.